ಸಣ್ಣ ಕನ್ನಡ ಬ್ಲಾಗನ್ನು ಬೆಳೆಸುವುದು ಹಳೇ ಪೋಸ್ಟ್‌ಗಳು

(ಪರದೆ: ಡೊಂಬಿವಲಿಯ ಮನೆ, ಮೇಜಿನ ಮೇಲೆ ಲ್ಯಾಪ್‌ಟಾಪ್. ನೇರ ಕ್ಯಾಮೆರಾಗೆ ಮಾತು)

ನಮಸ್ಕಾರ. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ಬ್ಲಾಗ್ ಬರೆಯುವವರಿಗೆ, ಬರೆಯಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಈ ವಿಡಿಯೋ. ಬ್ಲಾಗಿನಿಂದ ಹಣ ಮಾಡುವ ವಿಷಯ ಇದರಲ್ಲಿಲ್ಲ. ಕೆಲಸ ಮುಗಿಸಿ, ಲೋಕಲ್‌ನಲ್ಲಿ ನಿಂತು ಬಂದು, ಊಟ ಆದ ಮೇಲೆ ಇಷ್ಟಪಟ್ಟು ಬರೆಯುವ ಒಂದು ಸಣ್ಣ ಬ್ಲಾಗ್ ಇರುತ್ತದೆ ನೋಡಿ, ಅದಕ್ಕೆ ಓದುಗರು ಎಲ್ಲಿಂದ ಬರುತ್ತಾರೆ, ಬಂದವರು ಯಾಕೆ ಉಳಿಯುತ್ತಾರೆ, ಅದನ್ನು ಮಾತಾಡೋಣ.

ನನ್ನ ಬ್ಲಾಗ್ ಇಲ್ಲಿನ ಕನ್ನಡಿಗರ ದಿನನಿತ್ಯದ ಬಗ್ಗೆ. ಊರಿಗೆ ಹೋಗುವ ರೈಲು, ಮಾಟುಂಗದ ಮಾರ್ಕೆಟ್, ಅಡುಗೆ, ಸಂಘಗಳ ಕಾರ್ಯಕ್ರಮ. ವರ್ಷಗಟ್ಟಲೆ ಬರೆದ ಮೇಲೆ ನನಗೆ ಖಾತ್ರಿಯಾದ ಮಾತು ಒಂದೇ: ಸಣ್ಣ ಬ್ಲಾಗನ್ನು ಬೆಳೆಸುವುದು ಹಳೇ ಪೋಸ್ಟ್‌ಗಳು.

(ಪರದೆ: ಒಂದು ಗ್ರಾಫ್. ಒಂದು ದಿನ ಮೇಲಕ್ಕೆ ಹಾರಿ, ಮರುದಿನವೇ ನೆಲಕ್ಕೆ ಬಿದ್ದ ಗೆರೆ)

ಈ ಗೆರೆ ನೋಡಿ. ಕನ್ನಡ ರಾಜ್ಯೋತ್ಸವದ ದಿನ ಹಾಕಿದ ಪೋಸ್ಟ್ ಇದು. ನಾಲ್ಕಾರು ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಹೋಯಿತು, ಎಲ್ಲರೂ ಓದಿದರು, ಚಪ್ಪಾಳೆ ಇಮೋಜಿ ಬಂತು. ನವೆಂಬರ್ 2ಕ್ಕೆ ಅದರ ಕಡೆ ತಿರುಗಿ ನೋಡುವವರಿಲ್ಲ.

(ಪರದೆ: ಎರಡನೇ ಗ್ರಾಫ್. ತಗ್ಗಿನಲ್ಲೇ ಸಾಗುವ ಗೆರೆ, ಪ್ರತಿ ಮಳೆಗಾಲದಲ್ಲಿ ಸ್ವಲ್ಪ ಏರಿಕೆ)

ಈಗ ಇದನ್ನು ನೋಡಿ. ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಮುಂಬಯಿಯಲ್ಲಿ ಹೇಗೆ ಆರಿಸುವುದು ಅಂತ ಬರೆದಿದ್ದು. ಹಾಕಿದ ವಾರ ಯಾರೂ ಹೆಚ್ಚು ಓದಲಿಲ್ಲ. ಆದರೆ ಆ ಗೆರೆ ಯಾವತ್ತೂ ಪೂರ್ತಿ ಬಿದ್ದೇ ಇಲ್ಲ. ಜೂನ್ ಬಂದರೆ ಸಾಕು, ಮೇಲೇಳುತ್ತದೆ.

ಆ ಪೋಸ್ಟ್‌ನಲ್ಲಿ ಏನಿದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ಅಲ್ಲೇ ಇದೆ. ಇಲ್ಲಿನ ಭಾಜಿ ಮಾರ್ಕೆಟ್‌ನಲ್ಲಿ ಕೆಸುವಿನ ಎಲೆ ಧಾರಾಳವಾಗಿ ಸಿಗುತ್ತದೆ. ಆದರೆ ಅದರಲ್ಲಿ ಎರಡು ಬಗೆ. ತಿಳಿ ಹಸಿರು ದಂಟಿನದು ಮರಾಠಿ ಮನೆಗಳಲ್ಲಿ ಪಲ್ಯಕ್ಕೆ, ಸಾರಿಗೆ. ಕಪ್ಪು ನೇರಳೆ ದಂಟಿನ, ದಪ್ಪ ಎಲೆಯದು ಅವರ ಅಳೂವಡಿಗೆ, ಅದು ನಮ್ಮ ಪತ್ರೊಡೆಯಂಥದೇ ತಿಂಡಿ. ನಮ್ಮ ಪತ್ರೊಡೆಗೆ ಬೇಕಾದದ್ದು ಈ ಎರಡನೆಯದು. ಸುರುಳಿ ಸುತ್ತಿದರೆ ಹರಿಯುವುದಿಲ್ಲ, ಹಬೆಯಲ್ಲಿ ಬೆಂದರೂ ಆಕಾರ ಬಿಡುವುದಿಲ್ಲ. ಎಲೆಯ ಹಿಂದಿನ ದಪ್ಪ ನರವನ್ನು ಚಾಕುವಿನಿಂದ ಸವರಿ ತೆಗೆಯಬೇಕು. ಹಿಟ್ಟಿಗೆ ಹುಣಸೆಹಣ್ಣು ಧಾರಾಳವಾಗಿ ಹಾಕಬೇಕು. ಆ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದರಿಂದಲೇ. ಹುಳಿ ಮತ್ತು ಚೆನ್ನಾಗಿ ಬೇಯಿಸುವುದು, ಎರಡೂ ಬೇಕು.

ಪತ್ರೊಡೆ ರೆಸಿಪಿ ನೆಟ್‌ನಲ್ಲಿ ಬೇಕಾದಷ್ಟಿದೆ. ಆದರೆ ಮದುವೆಯಾಗಿ ಹೊಸದಾಗಿ ಈ ಕಡೆ ಬಂದ ಹುಡುಗಿಗೆ, ಭಾಜಿಯವನ ಮುಂದೆ ನಿಂತು ಯಾವ ಕಟ್ಟು ತಗೋಬೇಕು ಅಂತ ಗೊತ್ತಾಗಬೇಕು. ಅದನ್ನು ಇಲ್ಲಿ ಇರುವವರೇ ಬರೆಯಬೇಕು, ಕನ್ನಡದಲ್ಲೇ ಬರೆಯಬೇಕು. ಥಾಣೆಯ ಓದುಗರೊಬ್ಬರು ಎಲೆಯನ್ನು ಹಿಂದಿನ ರಾತ್ರಿಯೇ ತಂದು ಬಾಡಿಸಿಟ್ಟರೆ ಸುತ್ತುವುದು ಸುಲಭ ಅಂತ ಮೇಲ್ ಮಾಡಿದರು. ಅದನ್ನೂ ಪೋಸ್ಟ್‌ಗೆ ಸೇರಿಸಿದೆ. ಈಗ ಅದು ನನ್ನೊಬ್ಬಳದೇ ಬರಹ ಅಲ್ಲ, ನನಗೆ ಅದರಲ್ಲಿ ತುಂಬಾ ಖುಷಿಯಿದೆ.

ಸರಿ, ಇಂಥ ಪೋಸ್ಟ್ ಬರೆದಾಯಿತು. ಅದು ಬೇಕಾದವರ ಕೈಗೆ ಸಿಗುವುದು ಹೇಗೆ?

(ಪರದೆ: ಸರ್ಚ್ ಕನ್ಸೋಲ್‌ನ ಪುಟ)

ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದು ಉಚಿತ ಸೌಲಭ್ಯ ಇದೆ. ನಿಮ್ಮ ಬ್ಲಾಗನ್ನು ಅದಕ್ಕೆ ಜೋಡಿಸಿದರೆ, ಜನ ಏನೇನು ಟೈಪ್ ಮಾಡಿ ನಿಮ್ಮ ಪುಟಕ್ಕೆ ಬಂದರು ಅಂತ ಪಟ್ಟಿ ಸಿಗುತ್ತದೆ. ಹದಿನಾರು ತಿಂಗಳ ಲೆಕ್ಕ ಮಾತ್ರ ಅದರಲ್ಲಿ ಉಳಿಯುತ್ತದೆ, ಆದ್ದರಿಂದ ಆಗಾಗ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಆ ಪಟ್ಟಿ ಓದುವುದು ನನಗೆ ಬರೆಯುವಷ್ಟೇ ಇಷ್ಟದ ಕೆಲಸ. ಕೆಲವರು ಕನ್ನಡ ಲಿಪಿಯಲ್ಲಿ ಹುಡುಕುತ್ತಾರೆ, ಕೆಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಒಬ್ಬರಿಗೆ ಮುಂಬೈ, ಇನ್ನೊಬ್ಬರಿಗೆ ಮುಂಬಯಿ. ಒಬ್ಬರಿಗೆ ಮಾಟುಂಗ, ಇನ್ನೊಬ್ಬರಿಗೆ ಮಾಟುಂಗಾ. ಪೋಸ್ಟ್‌ನಲ್ಲಿ ಎರಡು ರೂಪವೂ ಒಂದೊಂದು ಸಲ ಸಹಜವಾಗಿ ಬರುವ ಹಾಗೆ ನೋಡಿಕೊಂಡರೆ ಒಳ್ಳೆಯದು. ತಲೆಬರಹ ಮಾತ್ರ ನೇರವಾಗಿರಲಿ. ‘ಮಳೆ, ಎಲೆ, ನೆನಪು’ ಅಂತ ಇಟ್ಟರೆ ಚೆನ್ನಾಗಿ ಕಾಣುತ್ತದೆ, ಆದರೆ ಹಾಗಂತ ಯಾರೂ ಹುಡುಕುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ ಕನ್ನಡ ಬ್ಲಾಗಿಗರು ಜಾಸ್ತಿ ಗಮನಿಸುವುದಿಲ್ಲ. ಅದು ಪೋಸ್ಟ್‌ನ ವಿಳಾಸ.

(ಪರದೆ: ಉದ್ದನೆಯ ಲಿಂಕ್ ಒಂದು, ಪರ್ಸೆಂಟ್ ಗುರುತುಗಳು ತುಂಬಿರುವುದು)

ಕನ್ನಡದಲ್ಲಿ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನೇ ವಿಳಾಸಕ್ಕೂ ಹಾಕುತ್ತದೆ. ನೋಡಲು ಚಂದ. ಆದರೆ ಅದನ್ನು ಕಾಪಿ ಮಾಡಿ ಗುಂಪಿಗೆ ಹಾಕಿದಾಗ ಹೀಗೆ ಆಗುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಮೂರು ಬೈಟ್. ಲಿಂಕ್‌ನಲ್ಲಿ ಒಂದೊಂದು ಬೈಟ್ ಪರ್ಸೆಂಟ್ ಗುರುತು ಸೇರಿ ಮೂರು ಚಿಹ್ನೆಗಳಾಗುತ್ತದೆ. ‘ಮಾಟುಂಗ’ ಅನ್ನುವಷ್ಟಕ್ಕೇ 54 ಚಿಹ್ನೆ! ನೋಡಿದವರು ವೈರಸ್ ಇರಬಹುದು ಅಂತ ಮುಟ್ಟುವುದೇ ಇಲ್ಲ. ಗೂಗಲ್‌ನ ಬ್ಲಾಗರ್ ತಾಣದಲ್ಲಿ ಇನ್ನೊಂದು ಥರ. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ವಿಳಾಸದಲ್ಲಿ ಬರೀ ಬ್ಲಾಗ್-ಪೋಸ್ಟ್ ಅಂತ ಬರುತ್ತದೆ, ಮುಂದಿನದಕ್ಕೆ ಜೊತೆಗೊಂದು ನಂಬರ್. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎರಡರಲ್ಲೂ ಪ್ರಕಟಿಸುವ ಮೊದಲೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆದುಬಿಡಿ, ಮೂರು ನಾಲ್ಕು ಪದ ಸಾಕು. ಆಮೇಲೆ ಬದಲಿಸಲು ಹೋಗಬೇಡಿ, ಹಂಚಿದ ಲಿಂಕ್‌ಗಳು ಕೆಟ್ಟುಹೋಗಬಹುದು.

ವಾಟ್ಸಾಪ್ ಗುಂಪಿಗೆ ಹಾಕುವಾಗ ಇಡೀ ಬರಹವನ್ನು ಅಂಟಿಸಬೇಡಿ. ಎರಡು ಸಾಲು ಮತ್ತು ಲಿಂಕ್ ಅಷ್ಟೇ. ಪೂರ್ತಿ ಬರಹ ಹಾಕಿದರೆ ನಾಲ್ಕನೇ ಫಾರ್ವರ್ಡ್‌ಗೆ ನಿಮ್ಮ ಹೆಸರು ಬಿದ್ದುಹೋಗಿರುತ್ತದೆ.

(ಪರದೆ: ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಗ್ಗೆ ಬರೆದ ಪೋಸ್ಟ್‌ನ ಮೇಲ್ಭಾಗ)

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ಕೆಲಸ: ಹಳೆಯದನ್ನು ತಿದ್ದುವುದು. ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿಯಾಗಿ ಶುರುವಾದ ಮೇಲೆ ಕರಾವಳಿಯವರ ಬದುಕೇ ಬದಲಾಯಿತು. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಹತ್ತಿದರೆ ಉಡುಪಿ, ಮಂಗಳೂರು. ಆದ್ದರಿಂದ ಹಬ್ಬಕ್ಕೆ ಟಿಕೆಟ್ ಯಾವತ್ತು ಬುಕ್ ಮಾಡಬೇಕು ಅನ್ನುವ ಪೋಸ್ಟ್‌ಗೆ ಯಾವಾಗಲೂ ಓದುಗರಿದ್ದಾರೆ. ಮುಂಚೆ 120 ದಿನ ಮೊದಲೇ ಬುಕ್ ಮಾಡಬಹುದಿತ್ತು. 2024ರ ನವೆಂಬರ್ 1ರಿಂದ ರೈಲ್ವೆ ಅದನ್ನು 60 ದಿನಕ್ಕೆ ಇಳಿಸಿತು. ಆ ದಿನವೇ ಪೋಸ್ಟ್ ತಿದ್ದಿದೆ, ಮೇಲೆ ತಾರೀಖು ಹಾಕಿದೆ. ಮಳೆಗಾಲದಲ್ಲಿ ಆ ದಾರಿಯ ರೈಲುಗಳಿಗೆ ಬೇರೆ ವೇಳಾಪಟ್ಟಿ ಇರುತ್ತದೆ, ವೇಗ ತಗ್ಗಿಸುತ್ತಾರೆ, ಆಗಲೂ ಒಂದು ಸಲ ತಿದ್ದುತ್ತೇನೆ.

ಹೊಸ ಪೋಸ್ಟ್ ಬರೆಯಬಹುದಿತ್ತಲ್ಲ ಅಂತ ಕೇಳಬಹುದು. ಬರೆದರೆ ಏನಾಗುತ್ತದೆ? ಯಾರದೋ ಫೋನಿನಲ್ಲಿ, ಯಾವುದೋ ಸಂಘದ ಗುಂಪಿನಲ್ಲಿ ಉಳಿದಿರುವ ಹಳೇ ಲಿಂಕ್ ತಪ್ಪು ಮಾಹಿತಿ ಕೊಡುತ್ತಾ ಕೂತಿರುತ್ತದೆ. ಅದೇ ವಿಳಾಸದಲ್ಲಿ ತಿದ್ದಿದರೆ ಎಲ್ಲಿಂದ ಬಂದವರಿಗೂ ಸರಿಯಾದದ್ದೇ ಸಿಗುತ್ತದೆ. ದಿನಾ ಬರೆಯಿರಿ ಅಂತ ಹೇಳುವವರು ಬಹಳ ಜನ. ನಾನು ಒಪ್ಪುವುದಿಲ್ಲ. ವಾರಕ್ಕೊಂದು ಸಂಜೆ ಸಿಕ್ಕಿದರೆ, ಅದರಲ್ಲಿ ಅರ್ಧವನ್ನು ಬರೆದಾಗಿರುವುದಕ್ಕೇ ಕೊಡಿ.

ಹಳೆಯದು ಇಷ್ಟು ಮುಖ್ಯ ಅಂದ ಮೇಲೆ ಅದು ಉಳಿಯಬೇಕಲ್ಲ. ಜನ ಉಚಿತವಾಗಿ ವೆಬ್‌ಪುಟ ಮಾಡಿಕೊಳ್ಳುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ. ಫೇಸ್‌ಬುಕ್‌ನಲ್ಲಿ ನೋಟ್ಸ್ ಅಂತ ಇತ್ತು, ಎಷ್ಟೋ ಕನ್ನಡಿಗರು ಉದ್ದನೆಯ ಬರಹಗಳನ್ನು ಅಲ್ಲೇ ಬರೆಯುತ್ತಿದ್ದರು. 2020ರ ಅಕ್ಟೋಬರ್ ಕೊನೆಗೆ ಹೊಸದಾಗಿ ಬರೆಯುವುದು ನಿಂತಿತು. ಅದಕ್ಕೇ ಬ್ಲಾಗಿನ ಬ್ಯಾಕಪ್ ಫೈಲನ್ನು ಇಳಿಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಒಂದು ಎಚ್ಚರಿಕೆ: ಬ್ಲಾಗರ್ ಆಗಲಿ ವರ್ಡ್‌ಪ್ರೆಸ್ ಆಗಲಿ, ಆ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಹ ಮಾತ್ರ ಇರುತ್ತದೆ, ಫೋಟೋಗಳ ಬದಲು ಅವುಗಳ ಲಿಂಕ್ ಇರುತ್ತದೆ. ಫೋಟೋಗಳನ್ನು ಬೇರೆಯಾಗಿ ಕಾಪಾಡಬೇಕು. ತುಂಬಾ ಬೇಕಾದ ಪುಟಗಳನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಬಹುದು, ವಿಳಾಸ ಅಂಟಿಸಿ ಒತ್ತಿದರೆ ಆಯಿತು.

ಮುಂಬಯಿಯ ಓದುಗರ ಬಗ್ಗೆ ಒಂದು ಮಾತು ಹೇಳಲೇಬೇಕು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಕಲಿನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ. ಇಷ್ಟಿದ್ದರೂ ನನ್ನ ಸುತ್ತಲಿನ ಮನೆಗಳಲ್ಲಿ ಮಕ್ಕಳು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ತುಳು ಸರಾಗವಾಗಿ ಮಾತಾಡುತ್ತಾರೆ, ಮರಾಠಿ ಓದುತ್ತಾರೆ, ಕನ್ನಡ ಅಕ್ಷರ ಮಾತ್ರ ಬರುವುದಿಲ್ಲ. ಅವರು ನನ್ನ ಓದುಗರು ಹೌದೋ ಅಲ್ಲವೋ? ಹೌದು ಅಂತ ನಿರ್ಧರಿಸಿದೆ. ಈಗ ಮುಖ್ಯವಾದ ಪೋಸ್ಟ್‌ಗಳನ್ನು ಫೋನಿನಲ್ಲೇ ಓದಿ, ರೆಕಾರ್ಡ್ ಮಾಡಿ, ಪುಟದ ಮೇಲ್ಗಡೆ ಹಾಕುತ್ತೇನೆ. ರಾತ್ರಿ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ ಓದಿದರೆ ಧ್ವನಿ ಸ್ಪಷ್ಟ ಬರುತ್ತದೆ, ಬೇರೆ ಮೈಕ್ ಬೇಡ. ಕಣ್ಣು ಮಂಜಾದ ಹಿರಿಯರಿಗೂ ಅದು ಅನುಕೂಲವಾಗಿದೆ. ಹಳೇ ಪೋಸ್ಟ್‌ಗಳಿಗೆ ಹೊಸ ಕೇಳುಗರು ಬಂದದ್ದು ಹೀಗೆ.

(ಪರದೆ: ಸಂಘವೊಂದರ ಹಳೇ ಸ್ಮರಣ ಸಂಚಿಕೆಗಳ ಕಟ್ಟು)

ನಿಮ್ಮಲ್ಲಿ ಎಷ್ಟೋ ಜನರ ಹಳೇ ಬರಹ ಇನ್ನೂ ನೆಟ್‌ಗೆ ಬಂದೇ ಇಲ್ಲ. ಸಂಘದ ಸ್ಮರಣ ಸಂಚಿಕೆಗೆ ‘ನುಡಿ’ ಅಥವಾ ‘ಬರಹ’ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದ ಫೈಲ್‌ಗಳು ಯಾವುದೋ ಸಿಡಿಯಲ್ಲಿವೆ. ಅವು ಯೂನಿಕೋಡ್, ಅಂದರೆ ಈಗ ಎಲ್ಲ ಫೋನ್, ಕಂಪ್ಯೂಟರ್‌ಗಳೂ ಬಳಸುವ ಅಕ್ಷರ ಪದ್ಧತಿ, ಅಲ್ಲದ ಹಳೇ ಫಾಂಟ್‌ನಲ್ಲಿದ್ದರೆ, ಬ್ಲಾಗಿಗೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಹೆದರಬೇಡಿ, ಬರಹ ಎಲ್ಲೂ ಹೋಗಿಲ್ಲ. ಕನ್ವರ್ಟರ್‌ನಲ್ಲಿ ಹಾಕಿದರೆ ಯೂನಿಕೋಡ್ ಆಗುತ್ತದೆ, ಒತ್ತಕ್ಷರ ಮತ್ತು ಅರ್ಕಾವತ್ತನ್ನು ಮಾತ್ರ ಒಂದು ಸಲ ಕಣ್ಣಾಡಿಸಿ ಸರಿಪಡಿಸಬೇಕು. ಮುಂದಿನ ವಿಡಿಯೋದಲ್ಲಿ ಅಂಥ ಒಂದು ಫೈಲನ್ನು ತೆಗೆದುಕೊಂಡು, ಶುರುವಿನಿಂದ ಪೋಸ್ಟ್ ಆಗುವವರೆಗೆ ಮಾಡಿ ತೋರಿಸುತ್ತೇನೆ. ನಿಮ್ಮ ಮನೆಯಲ್ಲಿ ಅಂಥ ಸಿಡಿ ಇದ್ದರೆ ಅಷ್ಟರೊಳಗೆ ಹುಡುಕಿ ತೆಗೆದಿಡಿ.