ಪ್ರತಿಮೆ ನಿಲ್ಲಿಸಿದರೆ ಸಾಕಾ? ಹೆಸರು ಎಲ್ಲಿ?

ನಮಸ್ಕಾರ ಎಲ್ಲರಿಗೂ. ಹಿಂದಿನ ಸಂಚಿಕೆಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಸ್ಮಾರಕದಲ್ಲಿ ಸೈನಿಕರ ಮುಖ ಇದ್ದರೆ ಸಾಲದೇ? ಹೆಸರು ಯಾಕೆ?" ಸಾಲದು ಸರ್. ನಿಮ್ಮ ಕಾಮೆಂಟಿನ ಮೇಲೆ ನಿಮ್ಮ ಹೆಸರು ಇದೆ ಅಲ್ವಾ?

ಬೋಸ್ಟನ್‌ನಲ್ಲಿ ಶಾಸನಸಭೆಯ ಕಟ್ಟಡದ ಎದುರಿಗೇ ಒಂದು ದೊಡ್ಡ ಕಂಚಿನ ಉಬ್ಬುಶಿಲ್ಪ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ರಾಜ್ಯಗಳ ಪರ ಹೋರಾಡಿದ ಕಪ್ಪು ಸೈನಿಕರ ಪಡೆ, 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನದು. ಕುದುರೆ ಮೇಲೆ ಬಿಳಿಯ ಕರ್ನಲ್ ರಾಬರ್ಟ್ ಗೌಲ್ಡ್ ಶಾ. ಪಕ್ಕದಲ್ಲಿ ಬಂದೂಕು ಹೊತ್ತು ನಡೆಯುವ ಕಪ್ಪು ಸೈನಿಕರು. ಶಿಲ್ಪಿ ಆಗಸ್ಟಸ್ ಸೇಂಟ್-ಗಾಡೆನ್ಸ್ ಇದಕ್ಕೆ ಹತ್ತು ವರ್ಷಕ್ಕೂ ಜಾಸ್ತಿ ಸಮಯ ಕೊಟ್ಟರು. ಕಪ್ಪು ಜನರನ್ನೇ ಎದುರಿಗೆ ಕೂರಿಸಿಕೊಂಡು ಒಂದೊಂದು ಮುಖವನ್ನೂ ಬೇರೆ ಬೇರೆಯಾಗಿ ಮಾಡಿದರು. ಗಡ್ಡ ಬಿಟ್ಟವರಿದ್ದಾರೆ, ಮೀಸೆ ಚಿಗುರದ ಹುಡುಗರಿದ್ದಾರೆ. ಅದ್ಭುತ ಕೆಲಸ, ಎರಡು ಮಾತಿಲ್ಲ.

ಆದರೆ ಗಮನಿಸಿ. ಕರ್ನಲ್ ಮುಖ ಕರ್ನಲ್‌ದೇ. ಸೈನಿಕರ ಮುಖ ಮಾತ್ರ ಶಿಲ್ಪಿಗೆ ಮಾದರಿಯಾಗಿ ಕೂತವರದು. ಹಾಗಾದರೆ ಸತ್ತ ಸೈನಿಕನದು ಅಂತ ಅಲ್ಲಿ ಏನಿರಬೇಕಿತ್ತು? ಹೆಸರು!

1897ರಲ್ಲಿ ಅನಾವರಣ ಆದಾಗ ಹಿಂಬದಿಯಲ್ಲಿ ಹೆಸರು ಕೆತ್ತಿದ್ದರು. ಯಾರದು? ಸತ್ತ ಬಿಳಿಯ ಅಧಿಕಾರಿಗಳದು. ಸತ್ತ ಕಪ್ಪು ಸೈನಿಕರ ಹೆಸರು ಬಂದದ್ದು 1980ರ ದಶಕದಲ್ಲಿ. "ಆ ಕಾಲವೇ ಹಾಗಿತ್ತು" ಅಂತ ಸುಮ್ನೆ ಹೇಳಬೇಡಿ. ಅದೇ ಕಾಲದ ಉಳಿಗೆ ಅಧಿಕಾರಿಗಳ ಹೆಸರು ಕೆತ್ತಲು ಬಂತಲ್ಲ!

ಎಂಥ ಜನ ಇವರು ಗೊತ್ತಾ? ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಡಾಲರ್ ಕಡಿತ. ಸಮ ಸಂಬಳ ಸಿಗುವ ತನಕ ಒಂದು ಕಾಸೂ ಮುಟ್ಟುವುದಿಲ್ಲ ಅಂತ ಹಟ ಹಿಡಿದರು, ಹಾಗೆಯೇ ಹೋರಾಡಿದರು. 1863ರ ಜುಲೈ 18ರಂದು ದಕ್ಷಿಣ ಕೆರೊಲಿನಾದಲ್ಲಿ ಶತ್ರುಗಳ ವ್ಯಾಗ್ನರ್ ಕೋಟೆಗೆ ನುಗ್ಗಿದರು. ಮೈತುಂಬ ಗಾಯ ಆದರೂ ಇದೇ ರೆಜಿಮೆಂಟಿನ ಕಪ್ಪು ಸೈನಿಕ ವಿಲಿಯಂ ಕಾರ್ನಿ ಬಾವುಟವನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ಟದ್ದು 1900ರಲ್ಲಿ! ಇಂಥವರ ಹೆಸರು ಕೆತ್ತಲು ಯೋಚನೆ ಮಾಡಬೇಕಾ?

"ಅಷ್ಟು ಹೆಸರು ಯಾರು ಓದುತ್ತಾರೆ" ಅಂತೀರಾ? ಅವರ ಮರಿಮೊಮ್ಮಕ್ಕಳು ಓದುತ್ತಾರೆ. "ಜಾಗ ಎಲ್ಲಿದೆ" ಅಂತೀರಾ? ವಾಷಿಂಗ್ಟನ್‌ನಲ್ಲಿ ಅದೇ ಯುದ್ಧದ ಕಪ್ಪು ಪಡೆಗಳ ಸ್ಮಾರಕ ಇದೆ. ನಡುವೆ ಎಡ್ ಹ್ಯಾಮಿಲ್ಟನ್ ಮಾಡಿದ ಪ್ರತಿಮೆ, 1998ರದು. ಅಲ್ಲಿನ ಗೋಡೆಗಳ ಮೇಲೆ 2,09,145 ಹೆಸರು! ಎರಡು ಲಕ್ಷಕ್ಕೆ ಜಾಗ ಸಿಕ್ಕಿತು. ಬೋಸ್ಟನ್‌ನಲ್ಲಿ ಬೇಕಿದ್ದದ್ದು ಅರವತ್ತು ಚಿಲ್ಲರೆ!

ಹೆಸರು ಕೆತ್ತಿ. ಮೊದಲು ಹೆಸರು, ಆಮೇಲೆ ಕುದುರೆ. ಒಪ್ಪದವರು ಕೆಳಗೆ ಬರೆಯಿರಿ, ಉತ್ತರ ಕೊಡುತ್ತೇನೆ. ಒಪ್ಪುವವರು ಸಬ್‌ಸ್ಕ್ರೈಬ್ ಮಾಡಿ. ಮುಂದಿನ ಸಂಚಿಕೆ ಪೂರ್ತಿ ವಿಲಿಯಂ ಕಾರ್ನಿ ಅವರದೇ.