ಬಾಗಿಲು ಮುಚ್ಚುವುದು ಮೊದಲ ಸೆಮಿಸ್ಟರಿನಲ್ಲಿ

ನಮಸ್ಕಾರ. ತಂತ್ರಜ್ಞಾನ ಶಿಕ್ಷಣದಲ್ಲಿ ವೈವಿಧ್ಯದ ಮಾತು ಬಂದಾಗಲೆಲ್ಲ ವಿಶ್ವವಿದ್ಯಾಲಯಗಳು ಪ್ರವೇಶದ ಲೆಕ್ಕವನ್ನು ಮುಂದಿಡುತ್ತವೆ: ಹೆಣ್ಣುಮಕ್ಕಳು ಎಷ್ಟು ಮಂದಿ ಸೇರಿದರು, ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದವರು ಎಷ್ಟು, ಅಂಗವಿಕಲ ವಿದ್ಯಾರ್ಥಿಗಳು ಎಷ್ಟು. ಆ ಲೆಕ್ಕ ಬೇಕೇ ಬೇಕು. ಆದರೆ ಸೇರಿದವರು ಉಳಿಯುವರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮೊದಲ ಪ್ರೋಗ್ರಾಮಿಂಗ್ ತರಗತಿಯಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ.

ಆ ತರಗತಿಯಲ್ಲಿ ಶಾಲಾದಿನಗಳಿಂದಲೇ ಕೋಡ್ ಬರೆದು ಬಂದವರೂ, ಕೀಲಿಮಣೆಯನ್ನು ಆಗಷ್ಟೇ ರೂಢಿಸಿಕೊಳ್ಳುತ್ತಿರುವವರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವನನ್ನು ಅಧ್ಯಾಪಕರು ಪ್ರತಿಭಾವಂತನೆಂದು ಗುರುತಿಸುತ್ತಾರೆ. ಉಳಿದವರು ಈ ವಿಷಯ ತಮಗೆ ಹೇಳಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಅಲ್ಲಿ ಅಳೆಯಲ್ಪಟ್ಟದ್ದು ಬುದ್ಧಿಯಲ್ಲ, ಹಿಂದೆ ಸಿಕ್ಕಿದ್ದ ಅವಕಾಶ.

ಹೆಣ್ಣುಮಕ್ಕಳಿಗೆ ಈ ಕ್ಷೇತ್ರದಲ್ಲಿ ಆಸಕ್ತಿಯೇ ಇಲ್ಲ ಎನ್ನುವವರಿಗೆ ಇತಿಹಾಸ ಬೇರೆಯೇ ಉತ್ತರ ಕೊಡುತ್ತದೆ. 1940ರ ದಶಕದಲ್ಲಿ ಎನಿಯಾಕ್ ಎಂಬ ಆರಂಭಕಾಲದ ಎಲೆಕ್ಟ್ರಾನಿಕ್ ಕಂಪ್ಯೂಟರಿಗೆ ಪ್ರೋಗ್ರಾಂ ಸಿದ್ಧಪಡಿಸಿದ ಮೊದಲ ತಂಡದಲ್ಲಿದ್ದವರು ಆರು ಮಂದಿ ಮಹಿಳೆಯರು. ಅಮೆರಿಕದಲ್ಲಿ 1984ರ ಹೊತ್ತಿಗೆ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಸುಮಾರು ಶೇ. 37ರಷ್ಟು ಮಹಿಳೆಯರಿದ್ದರು, 2010ರ ವೇಳೆಗೆ ಆ ಪಾಲು ಶೇ. 20ಕ್ಕಿಂತ ಕೆಳಗಿಳಿದಿತ್ತು. ಮನೆಗೆ ಬಂದ ಕಂಪ್ಯೂಟರು ಹುಡುಗನ ಕೋಣೆ ಸೇರಿದ್ದು ಈ ಇಳಿಕೆಗೆ ಕೊಡಲಾಗುವ ವಿವರಣೆಗಳಲ್ಲೊಂದು. ಒಂದು ಪೀಳಿಗೆಯೊಳಗೆ ಸ್ವಭಾವ ಬದಲಾಗುವುದಿಲ್ಲ, ವ್ಯವಸ್ಥೆ ಬದಲಾಗುತ್ತದೆ.

ಇದನ್ನು ತಿದ್ದಿದವರೂ ಇದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾದ ಜೇನ್ ಮಾರ್ಗೊಲಿಸ್ ಮತ್ತು ಆಲನ್ ಫಿಶರ್ ವಿದ್ಯಾರ್ಥಿಗಳೊಂದಿಗೆ ವರ್ಷಗಟ್ಟಲೆ ಮಾತಾಡಿ, ಪೂರ್ವಾನುಭವವಿಲ್ಲದವರೂ ಯಶಸ್ವಿಯಾಗಿ ಪದವಿ ಮುಗಿಸಬಲ್ಲರು ಎಂಬುದನ್ನು ಕಂಡುಕೊಂಡರು. ಪ್ರವೇಶದಲ್ಲಿ ಆ ಅನುಭವಕ್ಕಿದ್ದ ಮನ್ನಣೆಯನ್ನು ತಗ್ಗಿಸಿ, ಬೇರೆ ಬೇರೆ ಹಂತದವರಿಗೆ ಬೇರೆ ಬೇರೆ ಆರಂಭಿಕ ಕೋರ್ಸುಗಳನ್ನು ರೂಪಿಸಿದ ಮೇಲೆ, ಕಂಪ್ಯೂಟರ್ ವಿಜ್ಞಾನಕ್ಕೆ 1995ರಲ್ಲಿ ಶೇ. 7ರಷ್ಟಿದ್ದ ಮಹಿಳೆಯರ ಪ್ರವೇಶ 2000ದಲ್ಲಿ ಶೇ. 42ಕ್ಕೇರಿತು. ಅಮೆರಿಕದ್ದೇ ಆದ ಹಾರ್ವಿ ಮಡ್ ಕಾಲೇಜು ಇನ್ನೂ ಸರಳವಾದ ದಾರಿ ಹಿಡಿಯಿತು: ಮೊದಲ ಕೋರ್ಸನ್ನು ಅನುಭವದ ಆಧಾರದ ಮೇಲೆ ವಿಭಾಗಿಸಿತು, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬದಲು ಕಲಿಯಲು ಸುಲಭವಾದ ಪೈಥಾನ್ ತಂದಿತು, ವಿಜ್ಞಾನದ ನಿಜವಾದ ಸಮಸ್ಯೆಗಳನ್ನು ಪಾಠಕ್ಕಿಟ್ಟಿತು. ಎಲ್ಲಕ್ಕಿಂತ ನನಗೆ ಹಿಡಿಸಿದ ಸಂಗತಿ ಮತ್ತೊಂದು. ತರಗತಿಯಲ್ಲಿ ತಮ್ಮ ತಿಳಿವಳಿಕೆಯನ್ನು ಮೆರೆಸುತ್ತಿದ್ದ ವಿದ್ಯಾರ್ಥಿಗಳನ್ನು ಅಧ್ಯಾಪಕರು ಪ್ರತ್ಯೇಕವಾಗಿ ಕರೆದು, ಆ ಚರ್ಚೆಯನ್ನು ತರಗತಿಯ ಹೊರಗೆ ತಮ್ಮೊಂದಿಗೆ ಮುಂದುವರಿಸುವಂತೆ ಸೌಜನ್ಯದಿಂದ ಕೇಳಿಕೊಂಡರು. ಇದಕ್ಕೆ ಅನುದಾನವೂ ಬೇಕಿಲ್ಲ, ಸಮಿತಿಯೂ ಬೇಕಿಲ್ಲ.

ಹೀಗೆ ಮಾಡಿದರೆ ಶಿಕ್ಷಣದ ಗುಣಮಟ್ಟ ಇಳಿಯುವುದಿಲ್ಲವೇ ಎಂಬ ಆಕ್ಷೇಪಣೆ ಇಲ್ಲಿ ಏಳುತ್ತದೆ. ಕೋರ್ಸಿನ ಆರಂಭ ಬೇರೆಯಾದ ಮಾತ್ರಕ್ಕೆ ಅದರ ಕೊನೆ ಸಡಿಲವಾಗಬೇಕಾಗಿಲ್ಲ. ಮುಂದಿನ ವರ್ಷದ ಅಲ್ಗಾರಿದಮ್ ಪರೀಕ್ಷೆ ಎಲ್ಲರಿಗೂ ಒಂದೇ ಇರಬಹುದು, ಇರಬೇಕು ಕೂಡ. ಗುಣಮಟ್ಟದ ಚಿಂತೆಯಿರುವವರು ಸಂಶೋಧಕಿಯರಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಲಿ. ಮುಖ ನೋಡಿ ಲಿಂಗ ಗುರುತಿಸುವ ವಾಣಿಜ್ಯ ತಂತ್ರಾಂಶಗಳು ಬಿಳಿ ಮೈಬಣ್ಣದ ಪುರುಷರ ವಿಷಯದಲ್ಲಿ ಹೆಚ್ಚೆಂದರೆ ಶೇ. 0.8ರಷ್ಟು ತಪ್ಪಿದ್ದರೆ, ಕಪ್ಪು ಮೈಬಣ್ಣದ ಮಹಿಳೆಯರ ವಿಷಯದಲ್ಲಿ ಶೇ. 34.7ರವರೆಗೆ ತಪ್ಪಿದ್ದವು. ಇಂಥ ಪರೀಕ್ಷೆ ಮಾಡಬೇಕೆಂದು ಹೊಳೆಯದ ತಂಡ ಗುಣಮಟ್ಟದ ತಂಡವೆಂದು ಹೇಗೆ ಹೇಳುವುದು?

ದೃಷ್ಟಿಹೀನ ವಿದ್ಯಾರ್ಥಿಗಳ ಸ್ಥಿತಿಯಂತೂ ಚರ್ಚೆಗೇ ಬರುವುದಿಲ್ಲ. ಕೋಡ್ ಎಂಬುದು ಬರಿಯ ಪಠ್ಯ. ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಅದನ್ನು ಸಲೀಸಾಗಿ ಓದುತ್ತದೆ. ಅದೇ ಕೋಡಿನ ಚಿತ್ರ ತೆಗೆದು ಸ್ಲೈಡಿಗೆ ಅಂಟಿಸಿದಾಗ ಓದು ನಿಲ್ಲುತ್ತದೆ. ಇಂದು ಜಗತ್ತಿನಾದ್ಯಂತ ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರನ್ನು 2006ರಲ್ಲಿ ಆರಂಭಿಸಿದವರು ಸ್ವತಃ ದೃಷ್ಟಿಹೀನರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್.

ಆದ್ದರಿಂದ ಪ್ರತಿ ವಿಭಾಗಕ್ಕೂ ನನ್ನ ಬೇಡಿಕೆ ಒಂದೇ. ಮೊದಲ ಪ್ರೋಗ್ರಾಮಿಂಗ್ ಕೋರ್ಸಿಗೆ ಯಾರು ಸೇರಿದರು, ಅವರಲ್ಲಿ ಎರಡನೆಯ ಕೋರ್ಸಿಗೆ ಯಾರು ಬಂದರು ಎಂಬುದನ್ನು ಲಿಂಗ, ಅಂಗವೈಕಲ್ಯ, ಪೂರ್ವಾನುಭವಗಳ ಪ್ರಕಾರ ವಿಂಗಡಿಸಿ, ಯಾರ ಹೆಸರೂ ಇಲ್ಲದಂತೆ ಪ್ರತಿ ವರ್ಷ ಪ್ರಕಟಿಸಿ. ದಾಖಲಾತಿಯ ಕಡತಗಳು ಕಚೇರಿಯಲ್ಲೇ ಇವೆ. ಪೂರ್ವಾನುಭವವನ್ನು ತಿಳಿಯಲು ಪ್ರವೇಶದ ಅರ್ಜಿಯಲ್ಲಿ ಒಂದು ಪ್ರಶ್ನೆ ಸೇರಿಸಿದರೆ ಸಾಕು.