ಕಟಪಯಾದಿ: ಅಕ್ಷರದಲ್ಲಿ ಸಂಖ್ಯೆ ಬರೆಯುವ ಬಗೆ

(ಉಡುಪಿಯಲ್ಲಿ ಕನ್ನಡ ಮತ್ತು ಸಂಗೀತ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗೆ ರೋಮನ್ ಅಂಕಿ ಕಲಿಸುವಾಗ ನಾವು ಏಳು ಅಕ್ಷರ ಹೇಳಿಕೊಡುತ್ತೇವೆ: ಐ, ವಿ, ಎಕ್ಸ್, ಎಲ್, ಸಿ, ಡಿ, ಎಂ. ಅದರಲ್ಲಿ ಸೊನ್ನೆ ಇಲ್ಲ, ಬಿಡಿ-ಹತ್ತು-ನೂರರ ಸ್ಥಾನವೂ ಇಲ್ಲ. ಹಾಗಾಗಿ 1888 ಎಂದು ಬರೆಯಲು ಹದಿಮೂರು ಅಕ್ಷರ ಬೇಕು. ಅಕ್ಷರದಲ್ಲೇ ಸಂಖ್ಯೆ ಬರೆಯುವ ಇನ್ನೊಂದು ಪದ್ಧತಿ ನಮ್ಮಲ್ಲಿದೆ. ಅದರಲ್ಲಿ ನಾಲ್ಕು ಅಂಕಿಗೆ ನಾಲ್ಕೇ ಅಕ್ಷರ ಸಾಕು, ಅವು ಸೇರಿ ಅರ್ಥವಿರುವ ಪದವೂ ಆಗಬಹುದು. ಅದೇ ಕಟಪಯಾದಿ. ಹೆಸರಿನಲ್ಲೇ ಸೂತ್ರವಿದೆ: ಕ, ಟ, ಪ, ಯ ಈ ನಾಲ್ಕೂ 1.

ವರ್ಣಮಾಲೆ ಗೊತ್ತಿದ್ದರೆ ಬೇರೆ ಬಾಯಿಪಾಠ ಬೇಡ. ಕ ಖ ಗ ಘ ಙ ಚ ಛ ಜ ಝ ಎಂದರೆ 1ರಿಂದ 9, ಹತ್ತನೆಯ ಞ ಸೊನ್ನೆ. ಟ ಠ ಡ ಢ ಣ ತ ಥ ದ ಧ ಮತ್ತೆ 1ರಿಂದ 9, ನ ಸೊನ್ನೆ. ಪ ಫ ಬ ಭ ಮ 1ರಿಂದ 5, ಅಲ್ಲಿಗೆ ಆ ಸಾಲು ಮುಗಿಯಿತು. ಯ ರ ಲ ವ ಶ ಷ ಸ ಹ 1ರಿಂದ 8, ಳ 9. ಪದದ ಮೊದಲಿಗೆ ಬಿಡಿಯಾಗಿ ಬರುವ ಸ್ವರ ಸೊನ್ನೆ. ವ್ಯಂಜನಕ್ಕೆ ಸೇರಿದ ಸ್ವರಕ್ಕೆ ಬೆಲೆಯಿಲ್ಲ. ಕ, ಕಿ, ಕೌ ಎಲ್ಲವೂ 1. ಅನುಸ್ವಾರ, ವಿಸರ್ಗ, ಕೊನೆಯಲ್ಲಿ ನಿಂತ ಅರ್ಧಾಕ್ಷರ ಇವನ್ನು ಎಣಿಸುವುದಿಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ‘ಅಂಕಾನಾಂ ವಾಮತೋ ಗತಿಃ’ ಎನ್ನುವುದು ಇದನ್ನೇ. ಮೊದಲ ಅಕ್ಷರ ಬಿಡಿ ಸ್ಥಾನ, ಎರಡನೆಯದು ಹತ್ತರ ಸ್ಥಾನ, ಹೀಗೆ.

ನಮ್ಮ ಊರನ್ನೇ ನೋಡಿ. ಉ ಸೊನ್ನೆ, ಡು 3, ಪಿ 1. ತಿರುಗಿಸಿದರೆ ಉಡುಪಿ 130. ಮಲ್ಪೆ 15. ಮಂಗಳೂರು 5, 3, 9, 2, ಅಂದರೆ 2935.

ಮಲ್ಪೆ ಹೇಗೆ 15 ಆಯಿತು ಎಂದು ಕೆಲವರಿಗೆ ಅನಿಸಿರಬಹುದು. ಕನ್ನಡ ಓದುವವರು ಹೆಚ್ಚು ಎಡವುವುದು ಇಲ್ಲೇ. ಸಂಯುಕ್ತಾಕ್ಷರದಲ್ಲಿ ಸ್ವರಕ್ಕೆ ಅಂಟಿಕೊಂಡ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ. ಆದರೆ ನಮ್ಮ ಲಿಪಿಯಲ್ಲಿ ಮೊದಲ ವ್ಯಂಜನ ದೊಡ್ಡದಾಗಿ ಸಾಲಿನ ಮೇಲೆ ಕೂರುತ್ತದೆ, ಕೊನೆಯದು ಸಣ್ಣ ಒತ್ತಾಗಿ ಕೆಳಗಿಳಿಯುತ್ತದೆ. ಕಣ್ಣು ದೊಡ್ಡದನ್ನು ಹಿಡಿಯುತ್ತದೆ, ಸಂಖ್ಯೆ ಇರುವುದು ಒತ್ತಿನಲ್ಲಿ. ‘ಲ್ಪೆ’ಯಲ್ಲಿ ಎಣಿಸಬೇಕಾದ್ದು ಪ. ಬ್ರಹ್ಮಾವರವನ್ನು ಬೋರ್ಡಿನಲ್ಲಿ ಬರೆದು ಮಕ್ಕಳನ್ನು ಕೇಳಿದರೆ ಬ 3, ಹ 8, ವ 4, ರ 2 ಎಂದು ಎಣಿಸಿ 2483 ಎನ್ನುತ್ತಾರೆ. ಸರಿಯಾದದ್ದು ಬ್ರ 2, ಹ್ಮಾ 5, ವ 4, ರ 2, ಅಂದರೆ 2452.

ಅರ್ಕಾವತ್ತಿನಲ್ಲಿ ಇದು ತಿರುಗಾಮುರುಗಾ. ಕಾರ್ಕಳದ ‘ರ್ಕ’ದಲ್ಲಿ ರಕಾರ ಉಚ್ಚಾರದಲ್ಲಿ ಮೊದಲು, ಬರವಣಿಗೆಯಲ್ಲಿ ಆಮೇಲೆ. ಒತ್ತನ್ನೇ ಎಣಿಸಬೇಕೆಂದು ಈಗಷ್ಟೇ ಕಲಿತ ಹುಡುಗ ಅರ್ಕಾವತ್ತನ್ನೂ ಹಾಗೇ ಎಣಿಸಿ 921 ಎಂದು ಹೇಳುತ್ತಾನೆ. ಕಾರ್ಕಳ 911. ಆದ್ದರಿಂದ ಪದವನ್ನು ಗಟ್ಟಿಯಾಗಿ ಬಿಡಿಸಿ ಹೇಳಿಸಿ, ಆಮೇಲೆ ಎಣಿಸಲು ಹೇಳಿ. ಕಿವಿಯನ್ನು ನಂಬಿದರೆ ಈ ತಪ್ಪು ಆಗುವುದಿಲ್ಲ.

ಇನ್ನು ಸಂಖ್ಯೆಯಿಂದ ಪದ ಕಟ್ಟುವುದು. ಇಷ್ಟು ಸೊಗಸಾದ ಕೆಲಸ ಬೇರೆ ಯಾವ ಸಂಖ್ಯಾಪದ್ಧತಿಯಲ್ಲೂ ನನಗೆ ಕಾಣುವುದಿಲ್ಲ. ಉಡುಪಿಯ ಪಿನ್ ಕೋಡ್ 576101 ತೆಗೆದುಕೊಳ್ಳೋಣ. ಮೊದಲು ತಿರುಗಿಸಿ ಬರೆಯಿರಿ: 1, 0, 1, 6, 7, 5. ಪ್ರತಿ ಅಂಕಿಯ ಕೆಳಗೆ ಅದಕ್ಕಿರುವ ಅಕ್ಷರಗಳನ್ನು ಬರೆಯಿರಿ. 1ಕ್ಕೆ ಕ, ಟ, ಪ, ಯ. 0ಗೆ ನ, ಞ. 6ಕ್ಕೆ ಚ, ತ, ಷ. 7ಕ್ಕೆ ಛ, ಥ, ಸ. 5ಕ್ಕೆ ಙ, ಣ, ಮ, ಶ. ಮೊದಲ ಮೂರರಲ್ಲಿ ‘ಕನಕ’ ತಾನಾಗಿ ಕಾಣುತ್ತದೆ, ಕನಕನ ಕಿಂಡಿಯ ಊರಿನಲ್ಲಿ ಇದನ್ನು ಬಿಡುವುದು ಹೇಗೆ? ಮುಂದಿನದು 6, 7. ಸ್ವರ ಯಾವುದಾದರೂ ಹಾಕಬಹುದು, ಒತ್ತಿನ ಮೊದಲ ಭಾಗವೂ ಸ್ವತಂತ್ರ. ತಕಾರಕ್ಕೆ ದೀರ್ಘ, ಥಕಾರಕ್ಕೆ ರೇಫ ಕೊಟ್ಟರೆ ‘ತೀರ್ಥ’. ಕೊನೆಗೆ 5, ಶ. ಸಂಧಿ ಮಾಡಿದರೆ ‘ಕನಕತೀರ್ಥೇಶ’. ಆರಂಕಿಯ ಪಿನ್ ಒಂದೇ ಪದದಲ್ಲಿ ನಿಂತಿತು.

ಈಗ ಇದೇ ಪದದಲ್ಲಿ ಕಾಗುಣಿತ ತಪ್ಪಿಸಿ ನೋಡಿ. ‘ತೀರ್ತೇಶ’ ಎಂದು ಮಹಾಪ್ರಾಣ ಬಿಟ್ಟರೆ 7 ಹೋಗಿ 6 ಬರುತ್ತದೆ. ಶಕಾರದ ಬದಲು ಷಕಾರ ಬರೆದರೆ 676101 ಆಗುತ್ತದೆ, 67ರಿಂದ ಶುರುವಾಗುವ ಪಿನ್ ಕೇರಳದ್ದು. ಕಾಗದ ಅಲ್ಲಿಗೆ ಹೋಗುತ್ತದೆ. ಮಾತಿನಲ್ಲಿ ನಾವು ಒಂದೇ ಮಾಡಿಕೊಂಡಿರುವ ಶ-ಷ, ಅಲ್ಪಪ್ರಾಣ-ಮಹಾಪ್ರಾಣಗಳು ಇಲ್ಲಿ ಬೇರೆಬೇರೆ ಸಂಖ್ಯೆಗಳು. ಕನ್ನಡ ಶಿಕ್ಷಕರಿಗೆ ಶುದ್ಧ ಬರಹ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ಸಿಗಲಿಕ್ಕಿಲ್ಲ.

ಸಂಗೀತದವರಿಗೆ ಇದು ನಿತ್ಯದ ಬಳಕೆ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ, ಅಂದರೆ ಮೂಲ ರಾಗಗಳ, ಹೆಸರಿನ ಮೊದಲೆರಡು ಅಕ್ಷರ ಮೇಳದ ಸಂಖ್ಯೆ. ಶಂಕರಾಭರಣಕ್ಕೆ ‘ಧೀರ’, ಕಲ್ಯಾಣಿಗೆ ‘ಮೇಚ’, ತೋಡಿಗೆ ‘ಹನುಮ’ ಸೇರಿಸಿದ್ದೇ ಸಂಖ್ಯೆ ಹೊಂದಲಿ ಎಂದು: 29, 65, 8. ಸಂಖ್ಯೆ ಸಿಕ್ಕರೆ ಸ್ವರ ಸಿಕ್ಕಂತೆ. ಧೀರಶಂಕರಾಭರಣದ 29ರಲ್ಲಿ 1 ಕಳೆದು 28ನ್ನು 6ರಿಂದ ಭಾಗಿಸಿ. ಭಾಗಲಬ್ಧ 4, ಶೇಷ 4. ಆರು ಮೇಳಗಳ ಗುಂಪಿಗೆ ಒಂದು ಚಕ್ರ, ಆದ್ದರಿಂದ ಎರಡಕ್ಕೂ 1 ಕೂಡಿಸಿದರೆ ಐದನೆಯ ಚಕ್ರದ ಐದನೆಯ ಮೇಳ. ಐದನೆಯ ಚಕ್ರವಾದ್ದರಿಂದ ಚತುಃಶ್ರುತಿ ರಿಷಭ, ಅಂತರ ಗಾಂಧಾರ. ಐದನೆಯ ಮೇಳವಾದ್ದರಿಂದ ಚತುಃಶ್ರುತಿ ಧೈವತ, ಕಾಕಲಿ ನಿಷಾದ. ಸಂಖ್ಯೆ 36 ದಾಟಿದ್ದರೆ ಪ್ರತಿಮಧ್ಯಮ (ಏರಿದ ಮಧ್ಯಮ), ಮೊದಲೇ 36 ಕಳೆದುಕೊಳ್ಳಬೇಕು. 65ರಲ್ಲಿ 36 ಹೋದರೆ 29, ಅಂದರೆ ಕಲ್ಯಾಣಿಗೂ ಶಂಕರಾಭರಣದ್ದೇ ಸ್ವರಗಳು, ಮಧ್ಯಮ ಬೇರೆ.

ತಿರುಗಿಸಲು ಮರೆತರೆ ಮಾಯಾಮಾಳವಗೌಳದ 15 ಹೋಗಿ 51, ಕಾಮವರ್ಧಿನಿ ಆಗುತ್ತದೆ. 51ರಲ್ಲಿ 36 ಕಳೆದರೆ ಮತ್ತೆ 15! ಮಧ್ಯಮವೊಂದೇ ಬದಲಾಗುವುದರಿಂದ ಈ ತಪ್ಪು ಬೇಗ ಗೊತ್ತಾಗುವುದಿಲ್ಲ, ಎಚ್ಚರವಿರಲಿ. 20ನೆಯ ಮೇಳವನ್ನು ‘ನಟಭೈರವಿ’ ಎಂದು ಬರೆದರೆ 10 ಬರುತ್ತದೆ, ಠಕಾರ ಬೇಕು: ನಠಭೈರವಿ. ಏಳು ಹೆಸರುಗಳು ನಿಯಮ ಮೀರಿವೆ, ಇವನ್ನು ನೆನಪಿಟ್ಟುಕೊಳ್ಳಲೇಬೇಕು. ಚಕ್ರವಾಕ 16, ದಿವ್ಯಮಣಿ 48, ವಿಶ್ವಂಭರಿ 54, ಶ್ಯಾಮಲಾಂಗಿ 55, ಚಿತ್ರಾಂಬರಿ 66, ಜ್ಯೋತಿಸ್ವರೂಪಿಣಿ 68. ಈ ಆರರಲ್ಲಿ ಒತ್ತನ್ನು ಬಿಟ್ಟು ಮೊದಲ ವ್ಯಂಜನ ಎಣಿಸಿದ್ದಾರೆ. ಸಿಂಹೇಂದ್ರಮಧ್ಯಮ 57ರಲ್ಲಿ ಅನುಸ್ವಾರವನ್ನೇ ಮಕಾರವಾಗಿ ಹಿಡಿದಿದ್ದಾರೆ.

ಈ ಪದ್ಧತಿ ಹೆಚ್ಚು ದುಡಿದದ್ದು ಕೇರಳದ ಜ್ಯೋತಿಷಿಗಳ ಕೈಯಲ್ಲಿ. ಅಂಕಿಗಳ ಪಟ್ಟಿಯನ್ನು ಓಲೆಯಿಂದ ಓಲೆಗೆ ಪ್ರತಿ ಮಾಡುವಾಗ ಒಂದು ಅಂಕಿ ತಪ್ಪಿದರೆ ಯಾರಿಗೂ ತಿಳಿಯದು, ಪದ ತಪ್ಪಿದರೆ ಅರ್ಥ ಕೆಡುತ್ತದೆ, ಛಂದಸ್ಸು ಮುರಿಯುತ್ತದೆ. ಚಂದ್ರನ ಸ್ಥಾನ ಹೇಳುವ 248 ವಾಕ್ಯಗಳನ್ನು ಅವರು ಹೀಗೆ ಕಂಠಸ್ಥ ಮಾಡಿಕೊಂಡಿದ್ದರು. ಮೊದಲ ವಾಕ್ಯ ‘ಗೀರ್ನಃ ಶ್ರೇಯಃ’: 3, 0, 2, 1, ಅಂದರೆ 12 ಅಂಶ (ಡಿಗ್ರಿ) 03 ಕಲೆ (ಅಂಶದ ಅರವತ್ತನೆಯ ಭಾಗ).

ಅಭ್ಯಾಸಕ್ಕೆ ಒಂದು ಸಾಲು ಕೊಡುತ್ತೇನೆ. 19ನೆಯ ಶತಮಾನದ ಆರಂಭದಲ್ಲಿ ಕೇರಳದ ಕಡತ್ತನಾಡಿನ ಶಂಕರವರ್ಮ ಬರೆದದ್ದು: ‘ಭದ್ರಾಂಬುದ್ಧಿಸಿದ್ಧಜನ್ಮಗಣಿತಶ್ರದ್ಧಾ ಸ್ಮ ಯದ್ಭೂಪಗೀಃ’. ಹದಿನೆಂಟು ಅಂಕಿ. ಒತ್ತುಗಳನ್ನು ಬಿಡಿಸಿ, ಅಂಕಿ ಬರೆದು, ತಿರುಗಿಸಿ ಓದಿ. ನಿಮಗೆ 314159265358979324 ಸಿಗಬೇಕು, 3ರ ನಂತರ ಬಿಂದು ಇಟ್ಟರೆ ಅದು ಪೈ. ಕೊನೆಯಲ್ಲಿ 24ರ ಬದಲು 84 ಬಂದಿದ್ದರೆ, ‘ದ್ರಾ’ದಲ್ಲಿ ದಕಾರ ಎಣಿಸಿದ್ದೀರಿ.